ಫಾರ್ಮ್ಯಾಟ್ ಹೊಡೆದ ಮೇಲೂ ಉಳಿದ ಹೆಸರು

“ಫಾರ್ಮ್ಯಾಟ್ ಹೊಡೆದಾಗಿದೆ, ಇನ್ನೇನೂ ಉಳಿದಿಲ್ಲ” ಎಂದು ಯಾರಾದರೂ ಎದೆಯುಬ್ಬಿಸಿ ಹೇಳಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಈ ಮಾತನ್ನು ನಂಬಿ ಕೂತಿದ್ದರೆ ಒಬ್ಬಳ ಬದುಕು ಮೂರಾಬಟ್ಟೆ ಆಗುತ್ತಿತ್ತು.

ತೊಂಬತ್ತರ ದಶಕದ ನಡುವಿನ ಮಾತು. ಕಾರವಾರ, ಅಂಕೋಲೆಯಲ್ಲಿ ಕಂಪ್ಯೂಟರ್ ಇದ್ದ ಜಾಗಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಅವು ಕೆಟ್ಟಾಗ ರಿಪೇರಿಗೆ ಬರುವವರಂತೂ ಇನ್ನೂ ಕಡಿಮೆ. ನಾನು ಸದಾಶಿವಗಡದ ಮನೆಯಿಂದ ಸ್ಕ್ರೂಡ್ರೈವರು, ಬ್ರಶ್ಶು, ಫ್ಲಾಪಿ ತುಂಬಿದ ಚೀಲ ಹೆಗಲಿಗೇರಿಸಿ, ಕಾಳಿ ಸೇತುವೆ ದಾಟಿ, ಬಸ್ಸಿನಲ್ಲಿ ಊರೂರು ತಿರುಗುತ್ತಿದ್ದೆ. ಹೆಂಗಸೊಬ್ಬಳು ಯಂತ್ರ ಬಿಚ್ಚುವುದನ್ನು ನೋಡಲು ಕೆಲವರು ಕುರ್ಚಿ ಎಳೆದುಕೊಂಡು ಕೂರುತ್ತಿದ್ದರು. ಅಂಥವರ ಕೈಗೆ ಟಾರ್ಚು ಕೊಟ್ಟು ಹಿಡಿದು ನಿಲ್ಲಿಸುತ್ತಿದ್ದೆ.

ಆ ಬೇಸಿಗೆಯಲ್ಲಿ ಅಂಕೋಲೆಯ ಒಂದು ಖಾಸಗಿ ರಕ್ತಪರೀಕ್ಷೆಯ ಲ್ಯಾಬಿಗೆ ಹೊಸ ಕಂಪ್ಯೂಟರ್ ಬಂದಿತ್ತು. ಪ್ರಿಂಟರ್ ಹಾಳೆ ಕಚ್ಚಿಕೊಳ್ಳುತ್ತಿದೆ ಎಂದು ನನ್ನನ್ನು ಕರೆಸಿದ್ದರು. ರೋಗಿಗಳು ಕೂರುವ ಬೆಂಚಿನ ಎದುರೇ ಮೇಜು. ಪ್ರಿಂಟರಿನ ಹೊಟ್ಟೆ ಬಿಚ್ಚಿ ಒಳಗೆ ಕೈ ಹಾಕಿದ್ದೆ, ಅಷ್ಟರಲ್ಲಿ ಬೆಂಚಿನಿಂದ ಒಂದು ದನಿ.

“ಅಕ್ಕೋರೆ, ಇಲ್ಲಿದ್ದ ಹಳೇ ಮಿಶಿನ್ನು ಕಾರ್ವಾರಕ್ಕೆ ಕೊಟ್ಟದ್ದು ಹೌದ್ರಾ?”

ತಿರುಗಿ ನೋಡಿದೆ. ಮೂವತ್ತರ ಆಸುಪಾಸಿನ ಹೆಂಗಸು, ಮಡಿಲಲ್ಲಿ ಕೊಡೆ. ಆ ಯಂತ್ರವನ್ನು ನಾನೇ ಕದ್ದು ಸಾಗಿಸಿದೆನೇನೋ ಅನ್ನುವ ಹಾಗೆ ಮುಖ ಗಂಟು ಹಾಕಿದ್ದಳು.

“ನನಗೆ ಗೊತ್ತಿಲ್ಲ. ಒಳಗೆ ಕೇಳಿ” ಎಂದೆ.

“ಒಳಗಿನವ್ರು ಹೇಳೂದಿಲ್ಲ. ನೀವು ಮಿಶಿನ್ನಿನವ್ರಲ್ಲ? ನೀವೇ ಹೇಳ್ಬೇಕು.”

ಕೆಲಸ ಮುಗಿಸಿ ಹೊರಬಂದಾಗ ಅವಳು ಮೆಟ್ಟಿಲ ಕೆಳಗೆ ಕಾಯುತ್ತ ನಿಂತಿದ್ದಳು. ರಸ್ತೆಯ ಬದಿಯಲ್ಲೇ, ಬಿಸಿಲಲ್ಲೇ, ಅವಳು ಎಲ್ಲ ಹೇಳಿದಳು. ಅವಳು ರಾಮನಗುಳಿ ಕಡೆಯ ಒಂದು ಹಳ್ಳಿಯ ಬಾಲವಾಡಿಯಲ್ಲಿ ಅಡುಗೆ ಮಾಡುವವಳು. ಹಿಂದಿನ ವರ್ಷ ಗರ್ಭಕೋಶದ ಆಪರೇಶನ್ನಿಗೆ ಮುಂಚೆ ಈ ಲ್ಯಾಬಿನಲ್ಲಿ ರಕ್ತ ಕೊಟ್ಟಿದ್ದಳು. ಎಚ್ಐವಿ ಇದೆ ಎಂದು ರಿಪೋರ್ಟು ಬಂತು. ಹುಬ್ಬಳ್ಳಿಗೆ ಹೋಗಿ ಮತ್ತೆ ಪರೀಕ್ಷೆ ಮಾಡಿಸಿದಳು. ಅಲ್ಲಿ ಇಲ್ಲ ಎಂದು ಬಂತು. ಇನ್ನೊಮ್ಮೆ ನೋಡಿದರೂ ಇಲ್ಲವೇ. ಮೊದಲನೆಯದು ತಪ್ಪು ಎಂದು ಅಲ್ಲಿನ ಡಾಕ್ಟರರೇ ಹೇಳಿದರು.

“ಎಲ್ಲಾ ಕಡೆ ಇಲ್ಲ ಅಂತಾಯ್ತು. ಈ ಮಿಶಿನ್ನಿನ ಒಳಗೆ ಮಾತ್ರ ಅದೆ ಅಂತ್ಲೇ ಅದೆ” ಎಂದಳು. “ಅಳಿಸಿ ಅಂದೆ. ಟೈಪ್ ಮಾಡೂ ಹುಡ್ಗ ಅಳಿಸ್ದೆ ಅಂದ. ಈಗ ನಮ್ಮ ಪಕ್ಕದ್ಮನೆ ಹುಡ್ಗಿ ಕಾರ್ವಾರದ ಕಂಪ್ಯೂಟರ್ ಕ್ಲಾಸಿಗೆ ಹೋತದೆ. ಅಂಕೋಲೆ ಲ್ಯಾಬಿನ ಮಿಶಿನ್ನು ನಮ್ಮ ಕ್ಲಾಸಿಗೆ ಬಂತು ಅಂತ ಅದೇ ಹೇಳ್ತು. ಅದ್ರಲ್ಲಿ ನಂದು ಇದ್ದದ್ದು ಒಬ್ಬರ ಕಣ್ಣಿಗೆ ಬಿದ್ರೂ ಆಯ್ತು. ನನ್ನ ಕೈಯಡ್ಗೆ ಮಕ್ಳು ಉಣ್ತವಾ? ಅವರವ್ವದಿರು ಉಣ್ಣೂಕೆ ಬಿಡ್ತಾರಾ?”

ಸಮಾಧಾನ ಮಾಡಲು ಬಾಯಿ ತೆರೆದೆ. “ಅಳಿಸಿದ್ದಾರಲ್ಲ...”

“ಹಾಂಗಾದ್ರೆ ನೀವು ಬರ್ಕೊಡ್ರಿ, ಇಲ್ಲ ಅಂತ.”

ಬರೆದುಕೊಡುವ ಧೈರ್ಯ ನನಗಿರಲಿಲ್ಲ. ಟೈಪ್ ಮಾಡುವ ಹುಡುಗ ಅಳಿಸಿದೆ ಎಂದರೆ ಏನು ಮಾಡಿರುತ್ತಾನೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಫೈಲು ಅಳಿಸಿದರೆ ಆಗ ಹೋಗುತ್ತಿದ್ದದ್ದು ಆ ಫೈಲಿನ ಹೆಸರಿನ ಮೊದಲ ಅಕ್ಷರ ಮಾತ್ರ. ಮನೆಯ ಎದುರಿನ ಬೋರ್ಡು ಕಿತ್ತು ಮನೆಯವರು ಊರು ಬಿಟ್ಟರು ಅಂದಂತೆ. ಫಾರ್ಮ್ಯಾಟ್ ಹೊಡೆದರೆ ಇಡೀ ಕೇರಿಯ ಬೋರ್ಡು ಕಿತ್ತಂತೆ. ಜನ ಮಾತ್ರ ಒಳಗೇ ಇರುತ್ತಾರೆ, ಬಾಗಿಲು ತಟ್ಟಿದರೆ ಓ ಎನ್ನುತ್ತಾರೆ.

ವಾಪಸ್ಸು ಒಳಗೆ ಹೋಗಿ ಲ್ಯಾಬಿನ ಯಜಮಾನರ ಎದುರು ನಿಂತೆ. ಹಳೆಯ ಯಂತ್ರದ ಡಿಸ್ಕನ್ನು ಸರಿಯಾಗಿ ಅಳಿಸಬೇಕು, ಕಾರವಾರದ ಕ್ಲಾಸಿನವರಿಗೆ ಒಂದು ಮಾತು ಹೇಳಿ ಎಂದೆ. ಅವರು ಕನ್ನಡಕದ ಮೇಲಿಂದ ನೋಡಿದರು.

“ನಿಮ್ಮನ್ನ ಕರೆದದ್ದು ಪ್ರಿಂಟರಿಗೆ. ವಕಾಲತ್ತಿಗಲ್ಲ.”

“ರೋಗಿಗಳ ಹೆಸರೆಲ್ಲ ಅದರಲ್ಲಿದೆ ಸರ್.”

“ಇದ್ರೆ ಏನಾಯ್ತು ಮಾರಾಯ್ತಿ? ಅಂಕೋಲೆ ಸುತ್ತ ಒಂದೇ ಹೆಸರಿನವರು ಮಣಗಟ್ಲೆ ಇದ್ದಾರೆ. ಯಾರದು ಅಂತ ಯಾವನಿಗೆ ಗೊತ್ತಾಗ್ತದೆ?”

ಅವರ ಮಾತು ಅರ್ಧ ಸರಿ. ಒಂದೇ ಊರಲ್ಲಿ ಒಂದೇ ಹೆಸರು, ಒಂದೇ ಅಡ್ಡಹೆಸರಿನ ಹೆಂಗಸರು ಹತ್ತಾರು ಇರುತ್ತಾರೆ. ಆದ್ದರಿಂದಲೇ ನಮ್ಮ ಕಡೆ ಹೆಸರಿನ ಜೊತೆ ಮನೆಯ ಗುರುತು ಹೇಳದೆ ಮಾತು ಮುಂದೆ ಹೋಗುವುದಿಲ್ಲ. ಬಾವಿಕಟ್ಟೆ ಮನೆಯವಳು, ಗದ್ದೆ ತುದಿಯವಳು, ಸೋಡಾ ಅಂಗಡಿಯವನ ಹೆಂಡತಿ ಎಂದೇ ಪೋಸ್ಟಿನವನೂ ಕರೆಯುತ್ತಾನೆ, ರೇಶನ್ ಅಂಗಡಿಯವನೂ ಕರೆಯುತ್ತಾನೆ. ಒಬ್ಬಳ ರಿಪೋರ್ಟು ಇನ್ನೊಬ್ಬಳ ಕೈಗೆ ಹೋಗಬಾರದಲ್ಲ. ಲ್ಯಾಬಿನ ಹುಡುಗನೂ ಕಂಪ್ಯೂಟರಿನಲ್ಲಿ ಹೆಸರಿನ ಜಾಗದಲ್ಲೇ ಗುರುತು ಸೇರಿಸಿ ಕುಟ್ಟುತ್ತಿದ್ದ. ಹೊಸ ಯಂತ್ರದಲ್ಲಿ ಅವನು ಹಾಗೆ ಮಾಡುವುದನ್ನು ಅವತ್ತೇ ನಾನು ಕಣ್ಣಾರೆ ಕಂಡಿದ್ದೆ. ಹೆಸರು ಅರ್ಧ ಹರಿದರೂ ಗುರುತು ಉಳಿದರೆ ಸಾಕು, ಮನೆ ಬಾಗಿಲಿಗೇ ಹೋಗಿ ನಿಲ್ಲಬಹುದು.

ಇದನ್ನು ಹೇಳಿದ್ದಕ್ಕೆ ಯಜಮಾನರು, “ಮಾರಿದ ವಸ್ತು ನಮ್ಮದಲ್ಲ. ಪ್ರಿಂಟರಾಯ್ತಲ್ಲ, ಹೊರಡಿ” ಎಂದರು.

ಕಾರವಾರದ ಕ್ಲಾಸು ಒಂದು ಕಟ್ಟಡದ ಮಾಳಿಗೆಯ ಮೇಲೆ, ಸಿಮೆಂಟ್ ಶೀಟಿನ ಮಾಡಿನ ಅಡಿಯಲ್ಲಿತ್ತು. ಮರುದಿನ ಹೋದೆ. ಮಾಲಕ ನನಗೆ ಪರಿಚಯದವನೇ, ಅವನ ಯಂತ್ರಗಳನ್ನೂ ನಾನೇ ನೋಡಿಕೊಳ್ಳುತ್ತಿದ್ದೆ. ಲ್ಯಾಬಿನ ಯಂತ್ರ ಕಿಟಕಿಯ ಪಕ್ಕದಲ್ಲಿ ಕೂತಿತ್ತು, ಮೇಲೆ ಲ್ಯಾಬಿನವರು ಹಚ್ಚಿದ ಆಯುಧಪೂಜೆಯ ಕುಂಕುಮ ಇನ್ನೂ ಹಾಗೇ ಇತ್ತು.

“ಅರೆ ಬಾಯಿ, ಬಂದ ದಿವ್ಸವೇ ಫಾರ್ಮ್ಯಾಟ್ ಹೊಡ್ದಿದ್ದೇನೆ. ಸಾಫ್!” ಎಂದ.

“ಸಾಫೋ ಏನೋ ಈಗ ನೋಡುವಾ” ಎಂದು ನನ್ನ ಫ್ಲಾಪಿ ಹಾಕಿ ಯಂತ್ರ ಶುರು ಮಾಡಿದೆ. ಡಿಸ್ಕಿನ ಸೆಕ್ಟರುಗಳನ್ನು ಇದ್ದ ಹಾಗೆ ತೆರೆದು ತೋರಿಸುವ ಒಂದು ಪ್ರೋಗ್ರಾಮು ನನ್ನ ಹತ್ತಿರ ಇತ್ತು. ಸೆಕ್ಟರು ಎಂದರೆ ಡಿಸ್ಕಿನಲ್ಲಿ ಬರಹ ಇಡುವ ಚಿಕ್ಕ ಚಿಕ್ಕ ಖಾನೆ. ಪುಟ ಕೆಳಗೆ ಸರಿಸುತ್ತ ಹೋದೆ. ಸ್ವಲ್ಪ ಹೊತ್ತು ಬರೀ ಕಸ. ಆಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟಿದ ಹೆಸರುಗಳು ಸಾಲುಸಾಲಾಗಿ ಎದ್ದುಬಂದವು. ಒಬ್ಬನ ಸಕ್ಕರೆ ಕಾಯಿಲೆ. ಒಬ್ಬಳ ಗರ್ಭಪರೀಕ್ಷೆ, ಪಕ್ಕದಲ್ಲೇ ಮದುವೆಯಾಗಿಲ್ಲ ಎಂಬ ಟಿಪ್ಪಣಿ. ಹಿಂದೆ ನಿಂತಿದ್ದ ಇಬ್ಬರು ವಿದ್ಯಾರ್ಥಿನಿಯರು ಕತ್ತು ಚಾಚಿದರು. ನಾನು ಪರದೆಯ ಬೆಳಕು ಕಂದಿಸಿ ಅವರನ್ನು ಹೊರಗೆ ಕಳಿಸಿದೆ.

ಮಾಲಕನಿಗೆ ನಾಚಿಕೆಯಾಗುತ್ತದೆ ಎಂದುಕೊಂಡಿದ್ದೆ. ಅವನ ಕಣ್ಣು ಅರಳಿತು.

“ಆಯ್ಶಪ್ಪಾ! ಹೊಡ್ದ ಮೇಲೂ ಅದೆ ಅಲ್ಲ! ಬಾಯಿ, ಬೆಳಕು ಹಾಕಿ ಒಮ್ಮೆ. ಯಾರ್ಯಾರದು ಅದೆ ನೋಡುವಾ.”

ಅವನ ಕೈ ಕೀಲಿಮಣೆಗೆ ಬಂದಾಗಲೇ ಸ್ವಿಚ್ಚು ಆರಿಸಿಬಿಟ್ಟೆ. “ನಿಮ್ಮ ಮನೆಯವರ ರಿಪೋರ್ಟು ಇದ್ದಿದ್ದರೆ ಹೀಗೇ ಹಲ್ಲು ಕಿಸೀತಿದ್ರಾ?” ಎಂದು ಕೇಳಿದೆ. ಅವನ ಮುಖ ಕಪ್ಪಿಟ್ಟಿತು. ಬಹಳ ಹೊತ್ತು ಜಗಳವಾಡಿದ ಮೇಲೆ, ಭಾನುವಾರ ಕ್ಲಾಸಿಲ್ಲ, ಮಧ್ಯಾಹ್ನ ಬಂದು ಏನು ಬೇಕಾದರೂ ಮಾಡಿಕೊ, ಡಿಸ್ಕು ಕೆಡಬಾರದು ಎಂದು ಗುರ್ರೆಂದ.

ಭಾನುವಾರದ ಕೆಲಸ ಹೀಗೆ. ಅಳಿಸುವುದು ಎಂದರೆ ಯಂತ್ರದ ಭಾಷೆಯಲ್ಲಿ ತೆಗೆಯುವುದಲ್ಲ, ಮೇಲೆ ಬೇರೆ ಬರೆಯುವುದು. ಡಿಸ್ಕಿನ ಮೊದಲ ಸೆಕ್ಟರಿನಿಂದ ಕೊನೆಯ ಸೆಕ್ಟರಿನ ತನಕ ಸೊನ್ನೆ ತುಂಬುತ್ತ ಹೋಗುವ ಸಣ್ಣ ಪ್ರೋಗ್ರಾಮು ಬರೆದುಕೊಂಡು ಬಂದಿದ್ದೆ. ಒಂದು ಸಲ ಸೊನ್ನೆ, ಆಮೇಲೆ ಬೇರೆ ಅಕ್ಷರ, ಮತ್ತೆ ಸೊನ್ನೆ. ಶುರು ಮಾಡಿ ಕೂತೆ. ಅರ್ಧಕ್ಕೆ ಕರೆಂಟು ಹೋಯಿತು. ಬಂದ ಮೇಲೆ ಮೊದಲಿನಿಂದ ಶುರು ಮಾಡಿದೆ, ಮತ್ತೆ ಹೋಯಿತು. ಕಾರವಾರದ ಮೇ ತಿಂಗಳು, ಮೇಲೆ ಸಿಮೆಂಟ್ ಶೀಟು, ಫ್ಯಾನೂ ಇಲ್ಲ. ನನ್ನ ಕುಪ್ಪಸ ಹಿಂಡಿದರೆ ನೀರು ಬರುವಂತಿತ್ತು. ಡಿಸ್ಕಿನ ಪೆಟ್ಟಿಗೆ ಮುಟ್ಟಿದರೆ ಕೈ ಸುಡುತ್ತಿತ್ತು.

ಮೂರನೇ ಸಲ ಓಡುವಾಗ ನಡುನಡುವೆ ಕೆಂಪು ಸಾಲು ಬರತೊಡಗಿತು. ಸೆಕ್ಟರ್ ಸಿಗಲಿಲ್ಲ, ಬಿಟ್ಟು ಮುಂದೆ ಹೋಗಿದೆ. ಸಿಗಲಿಲ್ಲ, ಮುಂದೆ ಹೋಗಿದೆ. ಮಾಲಕ ಚಹಾ ತರಿಸಿದ. ಅವನಿಗೆ ಒಳ್ಳೆ ಬುದ್ಧಿ ಬಂತೆಂದುಕೊಂಡು ಚಹಾ ಕುಡಿಯಲು ಕೆಳಗಿಳಿದು ಗಾಳಿಗೆ ನಿಂತೆ. ಹತ್ತಿ ಬಂದಾಗ ಕೆಲಸ ಮುಗಿದಿತ್ತು. ತೆರೆದು ನೋಡಿದೆ, ಎಲ್ಲ ಸೊನ್ನೆ. ಸಿಗದ ಸೆಕ್ಟರು ಮಾತ್ರ ಸಿಗಲೇ ಇಲ್ಲ. ಓದಲೂ ಆಗದು, ಬರೆಯಲೂ ಆಗದು. ಕೆಟ್ಟುಹೋದ ಜಾಗ ಇರಬೇಕು ಎಂದು ಚೀಲ ಕಟ್ಟಿದೆ.

ಬಸ್ಸು ಸೇತುವೆಯ ಮೇಲೆ ಬರುವಾಗ ಹೊಳೆಯ ತಣ್ಣನೆ ಗಾಳಿ ಮುಖಕ್ಕೆ ಹೊಡೆಯಿತು. ಆಗ ತಲೆಗೆ ಬಂತು ನೋಡಿ. ಲ್ಯಾಬಿನಲ್ಲಿ ಈ ಯಂತ್ರ ಇದ್ದದ್ದು ಒಳಗಿನ ಏಸಿ ಕೋಣೆಯಲ್ಲಿ, ರಕ್ತದ ಬಾಟಲಿಗಳ ಪಕ್ಕದಲ್ಲಿ ಎಂದು ಅಲ್ಲಿನ ಹುಡುಗ ಹೇಳಿದ್ದ. ಆ ಕಾಲದ ಡಿಸ್ಕು ಬಿಸಿಯಾದರೆ ಒಳಗಿನ ತಟ್ಟೆ, ಓದುವ ಕೈ ಎರಡೂ ಕೂದಲೆಳೆಯಷ್ಟು ಹಿಗ್ಗುತ್ತವೆ. ತಂಪಿನಲ್ಲಿ ಬರೆದ ಗೆರೆ ಸೆಕೆಯಲ್ಲಿ ಕೈಗೆ ಸಿಗುವುದಿಲ್ಲ. ಅಂದರೆ ಆ ಜಾಗ ಕೆಟ್ಟಿಲ್ಲ, ತಂಪಾದರೆ ಮತ್ತೆ ಬಾಯಿಬಿಡುತ್ತದೆ.

ಮರುದಿನ ಮೊದಲ ಬಸ್ಸಿಗೆ ಹೋದೆ. ಅಕಾಲದ ಮಳೆಯೊಂದು ಬಿದ್ದು ಊರು ತಣ್ಣಗಾಗಿತ್ತು. ಮಾಳಿಗೆ ಹತ್ತಿದರೆ ಕ್ಲಾಸಿನ ಬಾಗಿಲು ಆಗಲೇ ತೆರೆದಿದೆ. ಮಾಲಕ ಕಿಟಕಿಯ ಪಕ್ಕದ ಆ ಯಂತ್ರದ ಎದುರೇ ಕೂತಿದ್ದಾನೆ, ಪರದೆಯ ಮೇಲೆ ನನ್ನ ಪ್ರೋಗ್ರಾಮು! ಆಗ ಯಾರ ಫ್ಲಾಪಿ ಕೈಗೆ ಸಿಕ್ಕಿದರೂ ಒಂದು ನಕಲು ಹೊಡೆದಿಟ್ಟುಕೊಳ್ಳುವುದು ಕ್ಲಾಸು ನಡೆಸುವವರ ಚಾಳಿ. ಚಹಾ ತರಿಸಿದ್ದು ಯಾಕೆಂದು ಈಗ ತಿಳಿಯಿತು.

“ಮಜಾ ನೋಡಿ ಬಾಯಿ” ಎಂದ, ತಿರುಗದೆಯೇ. “ನಿಮ್ಮ ಸೊನ್ನೆ ನಡುವೆ ನಡುವೆ ತೂತು ಅದೆ. ಇಲ್ಲೊಂದು ಸಿಕ್ತು. ಮುಂದೆ ಇನ್ನೂ ಇರ್ಬೇಕು.”

ಓದಲು ಬಾಗಿದೆ. ಅವನ ಬೆರಳು ಇದ್ದದ್ದು ಮೇಲಿನ ಸಾಲಿನಲ್ಲಿ, ಯಾರದೋ ಕಾಮಾಲೆ. ಪರದೆಯ ತೀರ ಕೆಳಗೆ, ಅವನ ಕಣ್ಣು ಇನ್ನೂ ಇಳಿಯದ ಜಾಗದಲ್ಲಿ, ಒಂದು ಸಾಲು. ಹೆಸರು. ಹುಣಸೆಮರದ ಮನೆ. ಬಾಲವಾಡಿ ಅಡುಗೆ. ಪಾಸಿಟಿವ್.

ಗೋಡೆಯಿಂದ ಪ್ಲಗ್ಗನ್ನೇ ಕಿತ್ತೆ.

“ಹೇ! ಎಂತ ಮಾಡ್ತಿರಿ ನೀವು?”

“ನಿಮ್ಮ ಕಣ್ಣು ಕೀಳೂಕೆ ಬರೂದಿಲ್ಲ. ಅದಕ್ಕೆ ಇದನ್ನ ಕೀಳ್ತೆ” ಎಂದು ಚೀಲದಿಂದ ಸ್ಕ್ರೂಡ್ರೈವರ್ ತೆಗೆದೆ. ಬರುವ ದಾರಿಯಲ್ಲೆಲ್ಲ, ತಂಪಿದ್ದಾಗಲೇ ಮತ್ತೊಮ್ಮೆ ಸೊನ್ನೆ ತುಂಬೋಣ ಎಂದುಕೊಂಡು ಬಂದಿದ್ದೆ. ಆದರೆ ಓಡುತ್ತ ಓಡುತ್ತ ಡಿಸ್ಕು ಮತ್ತೆ ಬಿಸಿಯಾಗುತ್ತದೆ, ಮತ್ತೆ ಕೆಲವು ಸೆಕ್ಟರು ತಪ್ಪಿಸಿಕೊಳ್ಳುತ್ತವೆ, ನಾನು ಬೆನ್ನು ತಿರುಗಿಸಿದೊಡನೆ ಈ ಮನುಷ್ಯ ಅದರ ಎದುರು ಕೂರುತ್ತಾನೆ. ಆ ಡಿಸ್ಕು ಇನ್ನು ತಿರುಗಬಾರದು, ಅಷ್ಟೇ. ಪೆಟ್ಟಿಗೆಯ ಬಾಗಿಲು ತೆಗೆದು, ವೈರು ಎಳೆದು, ಡಿಸ್ಕನ್ನು ಹೊರಗೆಳೆದೆ. ಅವನು ನನ್ನ ಕೈ ಹಿಡಿದ. ಬಿಡು ಎಂದು ನಾನು ಮಾಳಿಗೆ ಅದುರುವ ಹಾಗೆ ಕೂಗಿದ ಮೇಲೆ ಬಿಟ್ಟ.

“ನಂದು ಅದು! ಪೊಲೀಸಿಗೆ ಹೇಳ್ತೆ!”

“ಹೇಳಿ. ರೋಗಿಗಳ ರಿಪೋರ್ಟು ಓದ್ತಾ ಕೂತಿದ್ದೆ ಅಂತ ಸೇರಿಸಿ ಹೇಳಿ.”

ಡಿಸ್ಕಿನ ಮುಚ್ಚಳಕ್ಕೆ ಅಂಚಿನ ಸುತ್ತ ಪಟ್ಟಿ ಅಂಟಿಸಿರುತ್ತಾರೆ, ಒಳಗೆ ಧೂಳಿನ ಕಣ ಹೋದರೂ ಅದರ ಆಯುಷ್ಯ ಮುಗಿಯಿತು. ಆ ಪಟ್ಟಿ ಹರಿದು, ಸ್ಕ್ರೂ ಬಿಚ್ಚಿ, ಮುಚ್ಚಳ ಎತ್ತಿದೆ. ಒಳಗೆ ಕಂದು ಬಣ್ಣದ ತಟ್ಟೆಗಳು ಒಂದರ ಮೇಲೊಂದು. ಮೇಲಿನ ತಟ್ಟೆಯ ಮೇಲೆ ನನ್ನ ಬೆವರುಗೈಯ ಐದು ಬೆರಳೂ ಒತ್ತಿ ಎಳೆದು, ಅವನ ಮೂಗಿನ ಕೆಳಗೆ ಹಿಡಿದೆ.

“ಈಗ ನೋಡಿ ಮಜಾ.”

ಅವನು ಬಾಯಿಗೆ ಬಂದಂತೆ ಬೈದ. ನಾನೂ ಬಿಡಲಿಲ್ಲ, ಕೊಂಕಣಿಯಲ್ಲಿ ಕನ್ನಡಕ್ಕಿಂತ ಚೆನ್ನಾಗಿ ಬೈಯಬಹುದು. ಅವನ ವಸ್ತು ಹಾಳು ಮಾಡಿದ್ದು ಮಾತ್ರ ನಿಜವಾಗಿತ್ತು. ಮನೆಗೆ ಹೋಗಿ ನನ್ನ ಸ್ವಂತ ಯಂತ್ರದ ಡಿಸ್ಕು ಬಿಚ್ಚಿ, ಎಲ್ಲ ಸೊನ್ನೆ ಮಾಡಿ, ತಂಪಿದ್ದಾಗೊಮ್ಮೆ ಬಿಸಿಯಾದಾಗೊಮ್ಮೆ ಪರೀಕ್ಷಿಸಿ, ತಂದು ಅವನ ಮೇಜಿನ ಮೇಲೆ ಕುಕ್ಕಿದೆ. ಇನ್ನು ಈ ಮೆಟ್ಟಿಲು ಹತ್ತಬೇಡ ಎಂದ. ಹತ್ತಿಸಿದರೂ ಹತ್ತುವುದಿಲ್ಲ ಎಂದು ಬಂದೆ.

ಬಿಚ್ಚಿದ ಡಿಸ್ಕನ್ನು ಸಮುದ್ರಕ್ಕೆ ಎಸೆದುಬಿಡಬಹುದಿತ್ತು. ಆದರೆ ನಮ್ಮ ಕಡೆ ಎಸೆದದ್ದೆಲ್ಲ ರಂಪಣಿ ಬಲೆಗೆ ಸಿಕ್ಕಿ ಮತ್ತೆ ದಂಡೆಗೇ ಬರುತ್ತದೆ, ಸದಾಶಿವಗಡದಲ್ಲಿ ಹುಟ್ಟಿದವಳಿಗೆ ಅದನ್ನು ಹೇಳಿಕೊಡಬೇಕಿಲ್ಲ. ಅದೂ ಅಲ್ಲದೆ ಇಲ್ಲ ಎಂದು ಬರೆದುಕೊಡಿ ಅಂದಿದ್ದಳಲ್ಲ ಅವಳು. ಡಿಸ್ಕನ್ನು ಟವೆಲಿನಲ್ಲಿ ಸುತ್ತಿ, ಬಡಗಿಗಳು ಮರ ತಿಕ್ಕುವ ಪಾಲಿಶ್ ಪೇಪರು ತೆಗೆದುಕೊಂಡು ಅಂಕೋಲೆಗೆ ಹೋಗಿ, ಅಲ್ಲಿಂದ ಅವಳ ಊರಿನ ಬಸ್ಸು ಹತ್ತಿದೆ.

ಮಕ್ಕಳು ಉಂಡು ಹೋಗಿದ್ದವು. ಬಾಲವಾಡಿಯ ಹಿಂದೆ ಅವಳು ದೊಡ್ಡ ಪಾತ್ರೆಗೆ ತಲೆ ಹಾಕಿ ತಿಕ್ಕುತ್ತಿದ್ದಳು. ನನ್ನನ್ನು ಕಂಡು ಸುತ್ತ ನೋಡಿದಳು.

“ಇಲ್ಲಿಗೆ ಎಂತಕ್ಕೆ ಬಂದ್ರಿ? ಯಾರಾದ್ರೂ ಕೇಳಿದ್ರೆ ಎಂತ ಹೇಳೂದು ನಾನು?”

“ಬಾಲವಾಡಿ ನೋಡೂಕೆ ಬಂದ ಅಕ್ಕೋರು ಅಂತ ಹೇಳಿ” ಎಂದು ಟವೆಲ್ ಬಿಚ್ಚಿದೆ. ನಡೆದದ್ದನ್ನು ಹೇಳಿದೆ. ಅವಳು ಡಿಸ್ಕನ್ನು ಮುಟ್ಟಲಿಲ್ಲ, ಬಗ್ಗಿ ನೋಡಿದಳು.

“ಇದ್ರಲ್ಲಿ ನಂದು ಯಾವ ಕಡೆ ಅದೆ?”

“ಎಲ್ಲಿದೆ ಅಂತ ಕಣ್ಣಿಗೆ ಕಾಣೂದಿಲ್ಲ. ಅದಕ್ಕೇ ಪೂರ್ತಿ ತಿಕ್ಕಬೇಕು.”

ನಡುವಿನ ಸ್ಕ್ರೂ ಬಿಚ್ಚಿ ತಟ್ಟೆಗಳನ್ನು ಒಂದೊಂದಾಗಿ ತೆಗೆದೆ. ಒಗೆಯುವ ಕಲ್ಲಿನ ಮೇಲಿಟ್ಟು, ನೀರು ಚಿಮುಕಿಸಿ, ಪಾಲಿಶ್ ಪೇಪರಿನಿಂದ ತಿಕ್ಕಿದೆ. ಕಂದು ಬಣ್ಣ ರಾಡಿಯಾಗಿ ಹರಿದು ಕೆಳಗಿಂದ ಅಲ್ಯೂಮಿನಿಯಂ ಬೆಳ್ಳಗೆ ಎದ್ದಿತು. ಬರೆದದ್ದೆಲ್ಲ ಇರುವುದು ಆ ಕಂದು ಲೇಪದಲ್ಲೇ, ಅದು ಹೋದರೆ ಓದಿಸಿಕೊಳ್ಳಲು ಏನೂ ಉಳಿಯುವುದಿಲ್ಲ ಎಂದು ವಿವರಿಸುತ್ತಿದ್ದೆ. ಅವಳು ನನ್ನ ಕೈಯಿಂದ ತಟ್ಟೆ ಕಸಿದುಕೊಂಡಳು.

“ಆ ಅಂಚು ಬಿಟ್ರಿ” ಎಂದು ತಾನೇ ತಿಕ್ಕತೊಡಗಿದಳು. ಹಲ್ಲು ಕಚ್ಚಿಕೊಂಡು, ಒಂದಾದ ಮೇಲೆ ಒಂದು, ಎರಡೂ ಮಗ್ಗುಲು. ಲ್ಯಾಬಿನವನನ್ನು, ಟೈಪ್ ಮಾಡುವವನನ್ನು, ನನ್ನನ್ನು, ಎಲ್ಲರನ್ನೂ ಆ ಕಲ್ಲಿನ ಮೇಲೆ ಹಾಕಿ ತಿಕ್ಕುತ್ತಿದ್ದಳೇನೋ. ಮುಗಿದ ಮೇಲೆ ತಟ್ಟೆಗಳನ್ನು ತೊಳೆದು, ಬಿಸಿಲಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದಳು. ಅವಳ ಮುಖ ಮಾತ್ರ ಅದರಲ್ಲಿ ಮಸುಕಾಗಿ ಕಂಡಿರಬೇಕು.

ಈಗಾದರೂ ಒಂದು ಒಳ್ಳೆ ಮಾತು ಬರಬಹುದು ಎಂದು ಕಾದೆ. ಸುಳ್ಳು ಯಾಕೆ ಹೇಳಲಿ, ಕಾದೆ.

“ಅಕ್ಕೋರೆ” ಎಂದಳು. “ನೀವು ಓದಿದ್ರಿ ಅಲ್ಲ?”

“ಓದಿದೆ.”

“ಇದನ್ನಂತೂ ತಿಕ್ಕಿ ಆಯ್ತು. ನಿಮ್ಮ ತಲೆಲಿ ಇದ್ದದ್ದನ್ನ ಎಂತದ್ರಲ್ಲಿ ತಿಕ್ಕೂದು?”

ನನಗೆ ಸಿಟ್ಟು ಬಂತು. ಇವಳಿಗಾಗಿ ಎರಡು ಕಡೆಯ ಕೆಲಸ ಕಳೆದುಕೊಂಡಿದ್ದೆ. ಅಂಕೋಲೆಯ ಯಜಮಾನರೂ ಕಾರವಾರದ ಸುದ್ದಿ ಕೇಳಿ, ಇನ್ನು ಬರಬೇಡಿ ಎಂದು ಹೇಳಿಕಳಿಸಿದ್ದರು. ಏನೋ ಬಿರುಸಾಗಿ ಹೇಳಲು ಹೊರಟವಳು ಅವಳ ಕೈ ನೋಡಿದೆ. ಬೆರಳ ತುದಿ ಸುಲಿದು ರಕ್ತ ಜಿನುಗುತ್ತಿತ್ತು. ಬೆಳ್ಳಗಾದ ತಟ್ಟೆಗಳನ್ನು ಅವಳಿಗೇ ಬಿಟ್ಟು ಬಸ್ಸಿಗೆ ನಡೆದೆ. ಆಮೇಲೆ ಅಂಕೋಲೆ ಬಸ್ ಸ್ಟ್ಯಾಂಡಿನಲ್ಲಿ ಒಂದೆರಡು ಸಲ ಎದುರಾದಳು. ಗುರುತೇ ಇಲ್ಲದವರ ಹಾಗೆ ಮುಖ ತಿರುಗಿಸಿದಳು. ನಾನೂ ತಿರುಗಿಸಿದೆ.

ಅವಳ ಪ್ರಶ್ನೆ ಮಾತ್ರ ನನ್ನನ್ನು ಬಿಡಲಿಲ್ಲ. ತಲೆಯಲ್ಲಿದ್ದದ್ದನ್ನು ತೆಗೆಯಲು ಬರುವುದಿಲ್ಲ. ನನ್ನ ಕಸುಬಿನಲ್ಲಿ ನನಗೆ ಗೊತ್ತಿದ್ದ ದಾರಿ ಒಂದೇ, ಮೇಲೆ ಬೇರೆ ಬರೆಯುವುದು. ಇದನ್ನು ಬರೆಯುತ್ತ ಇಷ್ಟು ಹೊತ್ತು ಅದನ್ನೇ ಮಾಡಿದ್ದೇನೆ. ಅವಳು ಬಾಲವಾಡಿಯಲ್ಲಿ ಅಡುಗೆ ಮಾಡುತ್ತಿರಲಿಲ್ಲ. ಅವಳ ಊರು ರಾಮನಗುಳಿ ಕಡೆಯದಲ್ಲ. ಆ ಮನೆಯ ಎದುರು ಹುಣಸೆಮರ ಇರಲಿಲ್ಲ. ಓದುತ್ತ ಓದುತ್ತ ನಿಮಗೆ ಯಾರದಾದರೂ ಮುಖ ನೆನಪಾಗಿದ್ದರೆ, ಅದು ಅವಳಲ್ಲ.